ಲಿಂಗವಸ್ತ್ರ ಬಿಚ್ಚಿದ ದಿವಸ

ನಮ್ಮ ಯಜಮಾನರು ತೋಟದಿಂದ ಹೊತ್ತಿಗೆ ಮುಂಚೆ ಬಂದಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ಬೆಳಿಗ್ಗೆ ನೀಲಿ ಅಂಗಿ ಹಾಕಿಕೊಂಡು ಹೋದವರು ನನ್ನ ಮೈದುನನ ಗೀರಿನ ಅಂಗಿಯಲ್ಲಿ ಬಂದಿದ್ದರು. ಕಣ್ಣಿಗೆ ಬಿತ್ತು, ಕೇಳಬೇಕೆಂದು ಬುದ್ಧಿಗೆ ಹೊಳೆಯಲಿಲ್ಲ.

"ತಲಿ ಭಾಳ ಹೊಡ್ಯಾಕತ್ತೈತಿ. ಕಣ್ಣ ಮುಂದ ಮಂಜ ಕವದಂಗ ಆಗೈತಿ," ಎಂದು ಕಟ್ಟೆಯ ಮೇಲೆ ಕುಳಿತರು. ಮೈಯೆಲ್ಲ ಬೆವರು. ಬಾಯಿಂದ ಜೊಲ್ಲು ಸುರಿಯುತ್ತಿತ್ತು, ಒರೆಸಿಕೊಂಡಷ್ಟೂ ಮತ್ತೆ.

ಬಿಸಿಲು ಬಡಿದಿದೆ ಎಂದುಕೊಂಡೆ. ಮಜ್ಜಿಗೆಗೆ ಉಪ್ಪು ಹಾಕಿ ಕೊಟ್ಟೆ. ಅದು ನನ್ನ ಮೊದಲ ತಪ್ಪು. ದೇವರ ದಯೆ, ಎಲ್ಲ ವಾಂತಿಯಾಗಿ ಹೊರಗೆ ಬಂತು. ಅತ್ತೆಯವರು ದೃಷ್ಟಿ ತೆಗೆಯಲು ಉಪ್ಪು ಮೆಣಸಿನಕಾಯಿ ಹಿಡಿದು ಎದ್ದರು. ನಾನು ಮುಖ ಒರೆಸುವಾಗ ಕಣ್ಣು ನೋಡಿದೆ. ಕರಿ ಗುಡ್ಡೆ ಸಾಸಿವೆ ಕಾಳಿನಷ್ಟು ಸಣ್ಣದಾಗಿತ್ತು. ಬಿಸಿಲಿಗೆ ಹಂಗಾಗುವುದಿಲ್ಲ ಎಂದು ಆಗ ತಿಳಿಯಿತು.

ನಮ್ಮ ತೋಟ ಅಥಣಿಯಿಂದ ಕಾಗವಾಡದ ಕಡೆ ಹೋಗುವ ರಸ್ತೆಗೆ ಇದೆ. ಬಳ್ಳಿ ಕತ್ತರಿಸುವ ಚಾಟಣಿ ಮುಗಿದು ದ್ರಾಕ್ಷಿ ಗೊನೆ ಹೂವಿಗೆ ಬಂದಿದ್ದವು. ಹುಳ ಬಿದ್ದಿತ್ತೆಂದು ಅಣ್ಣ ತಮ್ಮ ಇಬ್ಬರೂ ಬೆಳಿಗ್ಗೆಯಿಂದ ಔಷಧ ಹೊಡೆಯುತ್ತಿದ್ದರು. ಹಾಗಾಗಿ ಔಷಧದ್ದೇ ಕಾಟ ಎಂದುಕೊಂಡು, ಮೈದುನ ಪಿಕಪ್ ಗಾಡಿ ತಂದಾಗ ನಾನು ಏನೂ ಕೇಳಲಿಲ್ಲ. ಗಂಡನ ತಲೆ ತೊಡೆಯ ಮೇಲಿಟ್ಟುಕೊಂಡು ಹಿಂದೆ ಕುಳಿತೆ. ತಾಲೂಕಿನ ದವಾಖಾನೆ ಮುಟ್ಟುವ ತನಕ "ಓಂ ನಮಃ ಶಿವಾಯ" ಒಂದೇ ಬಾಯಲ್ಲಿತ್ತು.

ಅಲ್ಲಿದ್ದವರು ಒಬ್ಬ ಸಣ್ಣ ವಯಸ್ಸಿನ ಹೆಣ್ಣುಮಗಳು, ಎಲ್ಲರೂ ಡಾಕ್ಟರ್ ಬಾಯಿ ಎಂದು ಕರೆಯುತ್ತಿದ್ದರು. ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಿದ ಕೂಡಲೇ, "ಔಷಧ ಯಾವ್ದು? ಕುಡದಾರೋ, ಮೈಮ್ಯಾಲ ಬಿದ್ದೈತೋ?" ಎಂದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಮೈದುನ ಹೇಳಿದ: "ಕುಡದಾನ್ರಿ. ನಿನ್ನೆ ಗಂಡ ಹೆಂಡಿರಿಗಿ ಜಗಳಾಗಿತ್ತು. ಯಾವ ಔಷಧಂತ ನಮಗೂ ಗೊತ್ತಿಲ್ರಿ."

ಜಗಳ ಆಗಿದ್ದು ಖರೆ. ಪಾಲಬಾವಿಯಲ್ಲಿ ನನ್ನ ತಂಗಿಯ ಮಗುವಿನ ತೊಟ್ಟಿಲ ಶಾಸ್ತ್ರ ಇತ್ತು, ತೋಟದ ಕೆಲಸ ಬಿಟ್ಟು ಬರಲಾಗದು ಎಂದು ಇವರು ಅಂದಿದ್ದರು. "ನಿಮಗ ನಿಮ್ಮ ಬಳ್ಳಿನಽ ಬಳಗ," ಎಂದು ನಾನು ಅಂದಿದ್ದೆ. ಅಷ್ಟೇ ಮಾತು. ಅಷ್ಟಕ್ಕೆ ಒಬ್ಬ ಮನುಷ್ಯ ವಿಷ ಕುಡಿಯುತ್ತಾನೆಯೇ? ಕುಡಿದರೂ ಕುಡಿದಿರಬಹುದು ಎಂಬ ಹುಳ ಆ ಗಳಿಗೆಯಲ್ಲೇ ನನ್ನ ತಲೆ ಹೊಕ್ಕಿತು.

ಕುಡಿದವರಿಗೆ ಮಾಡುವ ಕ್ರಮ ಶುರುವಾಯಿತು. ಮೂಗಿನಿಂದ ನಳಿಗೆ ಇಳಿಸಿ ಹೊಟ್ಟೆ ತೊಳೆದರು. ಬಟ್ಟೆ ತೆಗೆದು ಸಾಬೂನು ನೀರಿನಿಂದ ಮೈ ಒರೆಸಿದರು. ನಿಪ್ಪಾಣಿ ಕಡೆಯ ಒಬ್ಬ ನರ್ಸ್ ಇದ್ದಳು, ಅರ್ಧ ಮರಾಠಿ ಅರ್ಧ ಕನ್ನಡ ಮಾತಾಡುವಾಕಿ. ಅವಳು ಕತ್ತರಿ ಹಿಡಿದು ಕೊರಳಿನ ಶಿವದಾರಕ್ಕೆ ಕೈ ಹಾಕಿದಳು.

ನಮ್ಮವರು ಇಷ್ಟಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ಎದೆಯ ಮೇಲೆ ಇಳಿಬಿಟ್ಟುಕೊಂಡಿರುತ್ತಾರೆ. ಪ್ರಾಣ ಇರುವ ತನಕ ಲಿಂಗ ಮೈ ಬಿಡಬಾರದು. ಒಬ್ಬರ ಲಿಂಗ ಮತ್ತೊಬ್ಬರು ಮುಟ್ಟುವುದಿಲ್ಲ, ಹೆಂಡತಿಯಾದರೂ. ನಾನು ನರ್ಸಿನ ಕೈ ಹಿಡಿದೆ.

"ಬ್ಯಾಡವ್ವಾ. ಅದಕ್ಕ ಕತ್ತರಿ ಹಚ್ಚಬ್ಯಾಡ."

"ಅಹೋ ವೈನಿ, ಎಲ್ಲಾ ತಗೀಬೇಕ್ರಿ. ರೂಲ್ ಐತಿ."

"ಲಿಂಗ ಹರದ್ರ ಜೀವ ಹರದಂಗ. ನಿನ್ನ ಕಾಲ ಬೀಳ್ತೇನಿ."

ನಿಜವಾಗಿಯೂ ಬಿದ್ದೆ. ಹೇಗೂ ಕುಡಿದವರು ಎಂದು ಚೀಟಿಯಲ್ಲಿ ಬರೆದಾಗಿತ್ತು. ಅವಳು ಗಂಟನ್ನು ಅತ್ತ ಇತ್ತ ಸರಿಸಿ ಸುತ್ತಲಿನ ಮೈ ಮಾತ್ರ ಒರೆಸಿದಳು. ನಾನು ಗೆದ್ದೆ ಎಂದುಕೊಂಡೆ.

ಸಂಜೆಯೊಳಗೆ ಉಸಿರು ಸಾಲದಾಯಿತು. ಗಂಟಲಿಗೆ ನಳಿಗೆ ಹಾಕಿ ಉಸಿರಿನ ಯಂತ್ರಕ್ಕೆ ಜೋಡಿಸಿದರು.

ಮರುದಿನದಿಂದ ನನಗೂ ಕೆಲಸ ಕೊಟ್ಟರು. ಒಳಗೆ ಒಬ್ಬರನ್ನು ಬಿಡುತ್ತಿದ್ದರು, ಅದು ನಾನು. ಬಾಯಿಯ ಜೊಲ್ಲು ಒರೆಸುವುದು, ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಲು ಕೈಕೊಡುವುದು, ತಾಸಿಗೊಮ್ಮೆ ಬಗಲಲ್ಲಿ ಕೈಯಿಟ್ಟು ಒಣಗಿದೆಯೋ ಹಸಿಯೋ ನೋಡಿ ನರ್ಸಿಗೆ ಹೇಳುವುದು. ಬಗಲು ಒಣಗಿದರೆ ಒಳ್ಳೆಯದು. ಕಣ್ಣಿನ ಗುಡ್ಡೆ ಅರಳಿದರೆ ಒಳ್ಳೆಯದು. ಎದೆಯೊಳಗಿನ ಗುಳುಗುಳು ನಿಂತರೆ ಇನ್ನೂ ಒಳ್ಳೆಯದು. ನಾನು ಇವನ್ನು ಬೆರಳ ಗೆಣ್ಣಿನ ಮೇಲೆ ಎಣಿಸುತ್ತಿದ್ದೆ. ಮೊದಲ ಮಧ್ಯಾಹ್ನ ಎರಡು ಗೆಣ್ಣು ತುಂಬಿದವು.

"ಇವರಿಗೆ ಏನಾಗೇದ್ರಿ ಒಳಗ? ಹೊಟ್ಟಿ ತೊಳದಮ್ಯಾಲೂ ಉಸರ ಯಾಕ ನಿಂತಿತು?" ಎಂದು ಡಾಕ್ಟರ್ ಬಾಯಿಯನ್ನು ಕೇಳಿದೆ. ಅವರಿಗೆ ಹೊತ್ತಿರಲಿಲ್ಲ. ಆದರೂ ಎಕ್ಸರೇ ಲಕೋಟೆಯ ಹಿಂದೆ ಪೆನ್ನಿನಿಂದ ಚಿತ್ರ ತೆಗೆದರು.

"ದ್ರಾಕ್ಷಿ ಬಳ್ಳಿ ನೋಡೀರಲ್ರಿ? ನರದ ಒಂದು ಕೋಶ ಹಿಂಗಽ ಇರತೈತಿ." ಒಂದು ಗಂಟು ಬರೆದರು. ಅದರ ಸುತ್ತ ಸಣ್ಣ ಸಣ್ಣ ಕವಲು. "ಈ ಕವಲು ಸುದ್ದಿ ತಗೋತಾವ. ಗಂಟಿನಿಂದ ಒಂದಽ ಒಂದು ಉದ್ದ ಎಳಿ ಹೊಂಡತೈತಿ, ಅದು ಸುದ್ದಿ ಒಯ್ಯೂದು. ಬೆನ್ನಿನಿಂದ ಪಾದದ ತನಕ ಒಂದಽ ಕೋಶದ ಎಳಿ ಹೋಗಿರತೈತಿ. ಮ್ಯಾಲ ಕೊಬ್ಬಿನ ಪದರ ಸುತ್ತಿರತೈತಿ, ಸುದ್ದಿ ಲಗೂನ ಓಡ್ಲಿ ಅಂತ."

"ಸುದ್ದಿ ಅಂದ್ರ ಏನ್ರಿ ಓಡೂದು?"

"ಕರೆಂಟ್. ಎಳಿಯ ಒಳಗೂ ಹೊರಗೂ ಉಪ್ಪಿನಂಶ ಇರತೈತಿ. ಹೊರಗಿಂದು ಒಳಗ ನುಗ್ಗತೈತಿ, ಒಳಗಿಂದು ಹೊರಗ ಹೊಂಡತೈತಿ. ಹಂಗಽ ಅಲಿ ಎದ್ದು ತುದಿ ತನಕ ಹೋಗತೈತಿ."

ಮಜ್ಜಿಗೆಗೆ ಹಾಕುವ ಉಪ್ಪು ಮನುಷ್ಯನನ್ನು ನಡೆಸುತ್ತದೆ ಎಂದು ನನಗೆ ನಂಬಲಾಗಲಿಲ್ಲ. ಅವರು ಎಳೆಯ ತುದಿಗೆ ಮೊಗ್ಗು ಬರೆದರು. ಅದರೆದುರು ಸ್ನಾಯು. ನಡುವೆ ಕೂದಲಿನಷ್ಟೂ ಅಲ್ಲದ ಸಂದು.

"ಎರಡೂ ಒಂದನ್ನೊಂದು ಮುಟ್ಟಂಗಿಲ್ರಿ. ಮೊಗ್ಗಿನ್ಯಾಗ ಸಣ್ಣ ಚೀಲ ಇರತಾವ, ರಸದ ಚೀಲ. ಕರೆಂಟ್ ಬಂದ ಕೂಡಲೇ ಒಡದು ರಸ ಸಂದಿಗೆ ಚೆಲ್ಲತೈತಿ. ಆಕಡೆ ಆ ರಸ ಕುಂಡ್ರಾಕ ಕುಳಿ ಇರತಾವ. ಕುಂತ್ರ ಸ್ನಾಯು ಎಳೀತೈತಿ. ಕೂಡಲೇ ಒಂದು ಕಸಗುಡಿಸೂದು ಬಂದು ರಸ ಒಡದು ಸ್ವಚ್ಛ ಮಾಡಬೇಕು. ಈ ಔಷಧ ಏನ್ ಮಾಡತೈತಿ ಅಂದ್ರ, ಆ ಕಸಗುಡಿಸೂದನ್ನಽ ಹಿಡಕೊಂಡ ಬಿಡತೈತಿ. ರಸ ಹಂಗಽ ನಿಂತು ಎಳಿ ಎಳಿ ಅಂತ ಹೇಳಕೋಂತಽ ಇರತೈತಿ. ಬಾಯಾಗ ನೀರ, ಮೈಯಾಗ ಬೆವರ, ಎದಿಯಾಗ ನೀರ. ಎಳದು ಎಳದು ಸ್ನಾಯು ಸೋತು ಮಲಗತೈತಿ. ಉಸರ ಅದಕ್ಕಽ ನಿಂತಿದ್ದು."

ನಾನು ಅಂದೆ: "ನಮ್ಮ ಓಣ್ಯಾಗ ಹೆಪ್ಪ ಬೇಡಿದ್ರ ಗ್ವಾಡಿ ಮ್ಯಾಲಿಂದ ಬಟ್ಟಲಾ ದಾಟಸ್ತೇವ್ರಿ. ತಗೊಂಡಾಕಿ ತೊಳದು ಬಟ್ಟಲಾ ತಿರುಗಿ ಕೊಡಬೇಕು. ಕೊಡದಿದ್ರ ಮರುದಿನ ಹೆಪ್ಪಿಲ್ಲ."

ಡಾಕ್ಟರ್ ಬಾಯಿ ಪೆನ್ನು ನಿಲ್ಲಿಸಿದರು. "ಖರೇನಽ ಹಂಗಽ ಐತಿ. ಒಡದ ರಸದ ಒಂದು ತುಂಡು ಮೊಗ್ಗಿಗೆ ತಿರುಗಿ ಹೋಗತೈತಿ, ಮತ್ತ ರಸ ಆಗಾಕ. ನಿಮಗ್ಯಾರ ಹೇಳಿದ್ರು?"

"ನಮ್ಮ ನೆರೆಮನಿಯಾಕಿ," ಎಂದೆ. ನರ್ಸ್ ನಕ್ಕಳು. ಎರಡು ದಿನದಲ್ಲಿ ಅದೊಂದೇ ನಗೆ.

ಕೊಡುತ್ತಿದ್ದ ಔಷಧಗಳೂ ತಿಳಿದವು. ಅಟ್ರೋಪಿನ್ ಎಂಬುದು ಆಚೆ ಕಡೆಯ ಕುಳಿ ಮುಚ್ಚುತ್ತದೆ. ಬೆವರು, ಜೊಲ್ಲು ಅದಕ್ಕೆ ಬಗ್ಗುತ್ತವೆ. ಕೈಕಾಲಿನ, ಉಸಿರಿನ ಸ್ನಾಯುವಿನ ಕುಳಿ ಬೇರೆ ನಮೂನೆಯವು, ಅವಕ್ಕೆ ತಾಗುವುದಿಲ್ಲ. ಇನ್ನೊಂದು ಔಷಧ ವಿಷದ ಕೈಯಿಂದ ಕಸಗುಡಿಸುವುದನ್ನು ಬಿಡಿಸುತ್ತದೆ, ಆದರೆ ತಡವಾದರೆ ಹಿಡಿತ ಬಿಗಿಯಾಗಿ ಬಿಡಿಸಲಾಗದು. ಆಮೇಲೆ ಮೈ ಹೊಸದನ್ನು ತಾನೇ ಮಾಡಿಕೊಳ್ಳಬೇಕು, ವಾರಗಟ್ಟಲೆ.

ಎರಡನೇ ದಿನ ಬಗಲು ಒಣಗಿತು. ಅಟ್ರೋಪಿನ್ ಅಳತೆ ಇಳಿಸಿದರು. ಮೂರನೇ ದಿನ ಬೆಳಿಗ್ಗೆ ಮತ್ತೆ ಹಸಿ. ಏರಿಸಿದರು, ಒಣಗಿತು. ಇಳಿಸಿದರು, ಮತ್ತೆ ಎದೆಯಲ್ಲಿ ಗುಳುಗುಳು. ಎಣಿಸಿದ ಗೆಣ್ಣೆಲ್ಲ ಬಿಚ್ಚಿ ಮತ್ತೆ ಒಂದರಿಂದ ಶುರು.

ಡಾಕ್ಟರ್ ಬಾಯಿಯ ಹುಬ್ಬು ಗಂಟಾಗಿತ್ತು. "ಹೊಸಾ ವಿಷ ಒಳಗ ಹೊಂಟಂಗ ಐತಿ. ಹೊಟ್ಟಿ ನೀರಿನ್ಯಾಗ ವಾಸನಿ ಅಷ್ಟ ಇರಲಿಲ್ಲ. ಅವ್ವಾ, ಖರೇ ಹೇಳ್ರಿ. ಎಷ್ಟ ಕುಡದ್ರು? ಯಾವಾಗ ಕುಡದ್ರು?"

"ನಾ ನೋಡಿಲ್ರಿ," ಎಂದೆ. ಅಷ್ಟೇ ನನಗೆ ಗೊತ್ತಿದ್ದ ಸತ್ಯ.

ಹೊರಗೆ ಬಾಕಿನ ಮೇಲೆ ಅತ್ತೆಯವರು ಕುಳಿತಿದ್ದರು. ನೀರು ಕುಡಿಯಲು ಹೊರಬಂದ ನನ್ನನ್ನು ನೆರೆದವರೆಲ್ಲರ ಮುಂದೆ ಕೇಳಿದರು: "ಏನ್ ಅಂದೀಯಬೇ ನನ್ನ ಮಗಗ? ಅಂಥಾ ಏನ ಮಾತ ಅಂದಿ?" ಪಕ್ಕದಲ್ಲಿ ಮೈದುನ ತಲೆ ತಗ್ಗಿಸಿ ಕುಳಿತಿದ್ದ. ನಾನು ಈ ಮನೆಗೆ ಬಂದಾಗ ಅವನಿಗೆ ಇನ್ನೂ ಮೀಸೆ ಮೂಡಿರಲಿಲ್ಲ. ನಾನು ಬಡಿದ ರೊಟ್ಟಿ ತಿಂದು ಬೆಳೆದವನು.

"ವೈನಿ, ಅವ್ವನ ಮಾತ ಮನಸಿಗೆ ಹಚಗೋಬ್ಯಾಡ," ಎಂದ. ಅವನ ಒಳ್ಳೆಯತನಕ್ಕೆ ನನ್ನ ಕಣ್ಣು ತುಂಬಿತು. ಅದನ್ನು ನೆನೆದರೆ ಈಗ ಮೈ ಉರಿಯುತ್ತದೆ.

ನಾಲ್ಕನೇ ದಿನ ಬೆಳಿಗ್ಗೆ ಹತ್ತಿರಹತ್ತಿರ ಎಂಟು ಗಂಟೆ. ದಿನಾ ಮಾಡುವಂತೆ ಅವರ ಹಣೆಗೆ ವಿಭೂತಿ ಹಚ್ಚಲು ಬಾಗಿದೆ. ನನ್ನ ಮೂಗು ಎದೆಯ ಗಂಟಿನ ಹತ್ತಿರ ಬಂತು. ಬೆಳ್ಳುಳ್ಳಿ ಕೊಳೆತಂಥ ವಾಸನೆ. ತೋಟದಲ್ಲಿ ಔಷಧ ಕಲಸುವ ಪೀಪಾಯಿಯ ಹತ್ತಿರ ಬರುವುದು ಅದೇ. ಇಷ್ಟು ದಿನ ಸ್ಪಿರಿಟ್ಟಿನ ವಾಸನೆಯಲ್ಲಿ ಮುಚ್ಚಿತ್ತೋ, ಗಂಟಿನ ಕಡೆ ಮೂಗು ಒಯ್ಯುವುದೇ ತಪ್ಪು ಎಂದು ನಾನು ದೂರ ಇದ್ದೆನೋ. ಬಟ್ಟೆ ಬೆವರಿಗೆ ತೊಯ್ದಿತ್ತು. ಬಿಳಿ ಬಟ್ಟೆಯ ಒಂದು ಮಗ್ಗುಲು ಹಳದಿಯಾಗಿ, ಎಣ್ಣೆ ಕುಡಿದಂತೆ ಇತ್ತು.

ಬಗಲು ಹಸಿಯಾದಾಗಲೆಲ್ಲ ಆ ಬಟ್ಟೆಯೂ ಹಸಿಯಾಗಿ ಎದೆಗೆ ಅಂಟುತ್ತಿತ್ತು. ಹೊಸ ವಿಷ ಎಲ್ಲಿಂದ ಒಳಗೆ ಹೋಗುತ್ತಿದೆ ಎಂಬುದು ನನ್ನ ಕಣ್ಣ ಮುಂದೆಯೇ ಇತ್ತು. ಅದನ್ನು ಅಲ್ಲಿ ಉಳಿಸಿದವಳು ನಾನು.

ನರ್ಸನ್ನು ಕರೆದೆ. ಅವಳು ಮೂಗು ಹತ್ತಿರ ತಂದು, "ಅಯ್ಯೋ ದೇವಾ!" ಎಂದು ಡಾಕ್ಟರ್ ಬಾಯಿಯನ್ನು ಕರೆಯಲು ಓಡಿದಳು. ಬಂದವರು ಕತ್ತರಿ ಕೇಳಿದರು. ನಾನು ಅಂದೆ, "ನಿಲ್ರಿ. ನಾನಽ ಬಿಚ್ಚತೇನಿ."

"ಕೈಗೆ ಚೀಲಾ ಹಾಕ್ಕೋರಿ ಮದ್ಲ," ಎಂದು ನರ್ಸ್ ರಬ್ಬರ್ ಕೈಗವಸು ಕೊಟ್ಟಳು.

ಅವರ ಲಿಂಗ ನಾನು ಎಂದೂ ಮುಟ್ಟಿದವಳಲ್ಲ. ಪೂಜೆಗೆ ಕೂತಾಗ ನೀರು, ಪತ್ರಿ ಇಟ್ಟು ಸರಿಯುವುದಷ್ಟೇ ನನ್ನ ಕೆಲಸವಾಗಿತ್ತು. ಯಾರನ್ನೂ ಕೇಳಲು ಹೊತ್ತಿರಲಿಲ್ಲ, ಕೇಳಿದ್ದರೆ ಬೇಡ ಎನ್ನುತ್ತಿದ್ದರು. ಗಂಟು ಬೆವರಿಗೆ ಬಿಗಿದಿತ್ತು. ಬೆರಳ ತುದಿಯಿಂದ ಸಡಿಲಿಸಿದೆ. ಕೆಳಗಿನ ಚರ್ಮ ಅಂಗೈಯಗಲ ಕೆಂಪಾಗಿ ಸುಲಿದಿತ್ತು. ಬಟ್ಟೆ, ದಾರ ಎರಡನ್ನೂ ಡಾಕ್ಟರ್ ಬಾಯಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿದರು. ನರ್ಸ್ ಎದೆ, ಕೊರಳು, ಕೂದಲು ಎಲ್ಲ ಸಾಬೂನು ಹಚ್ಚಿ ಮೂರು ಸಲ ತೊಳೆದಳು. ನಾನು ಲಿಂಗವನ್ನು ಸಾಬೂನು ನೀರಿನಲ್ಲಿ ತೊಳೆದು, ಆಮೇಲೆ ಒಳ್ಳೆಯ ನೀರಿನಲ್ಲಿ ತೊಳೆದೆ.

"ಎದಿಮ್ಯಾಲ ಬಟ್ಟಿ ಬ್ಯಾಡ," ಎಂದರು ಡಾಕ್ಟರ್ ಬಾಯಿ.

ಗಂಡನ ಎಡ ಅಂಗೈ ತೆರೆದು ಲಿಂಗ ಅಲ್ಲಿಟ್ಟೆ. ನರ್ಸ್ ಬಿಳಿ ಪಟ್ಟಿ ಸುತ್ತಿದಳು. ಪೂಜೆಯ ಹೊತ್ತಿಗೆ ಲಿಂಗ ಕೂರುವ ಜಾಗ ಅದೇ ತಾನೇ. ಮೈ ಬಿಟ್ಟು ಹೋಗಲಿಲ್ಲ. ಅಷ್ಟನ್ನು ಶಿವ ನಡೆಸಿಕೊಟ್ಟ.

ಸಂಜೆ ಬಗಲು ಒಣಗಿತು. ಮರುದಿನ ಔಷಧ ಇಳಿಸಿದರು, ಒಣಗಿಯೇ ಉಳಿಯಿತು. ಐದು ಗೆಣ್ಣು, ಆರು ಗೆಣ್ಣು.

ಡಾಕ್ಟರ್ ಬಾಯಿ ನನ್ನನ್ನು ಪಕ್ಕಕ್ಕೆ ಕರೆದರು. "ಕುಡದವರ ಎದಿ ಬಟ್ಟಿಗೆ ಇಷ್ಟ ಹತ್ತಂಗಿಲ್ರಿ. ಇದು ನೀರ ಕಲಸದ ಔಷಧ. ಮೈಮ್ಯಾಲ ಚೆಲ್ಲೈತಿ."

ನಾನು ಗಂಡನ ಹಾಸಿಗೆಯ ಹತ್ತಿರ ಹೋದೆ. ಎಚ್ಚರ ಇತ್ತು, ಗಂಟಲಲ್ಲಿ ನಳಿಗೆ, ಮಾತಿಲ್ಲ. ಕೊರಳು ಎತ್ತಲು ಬರುತ್ತಿರಲಿಲ್ಲ. ಬಲಗೈ ಬೆರಳಲ್ಲಿ ಮಾತ್ರ ಒಂದಿಷ್ಟು ಬಲ ತಿರುಗಿತ್ತು. ಆ ಬೆರಳೊಳಗೆ ನನ್ನ ಬೆರಳಿಟ್ಟೆ.

"ಹೌದಿದ್ರ ಒತ್ತರಿ, ಇಲ್ಲಾಂದ್ರ ಬಿಡ್ರಿ. ನೀವು ಕುಡದೀರೇನು?"

ಬೆರಳು ಅಲುಗಲಿಲ್ಲ. ನನ್ನ ಉಸಿರು ಹೊರಗೆ ಬಂತು.

"ಮೈಮ್ಯಾಲ ಚೆಲ್ಲಿತೇನು?"

ಒತ್ತಿದರು.

"ಆವಾಗ ತಮ್ಮ ಅಲ್ಲಿದ್ನೇನು?"

ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಒತ್ತಿದರು. ಮಿದುಳಿನಿಂದ ಹೊರಟ ಸುದ್ದಿ ಅಷ್ಟು ಉದ್ದ ಎಳೆ ಇಳಿದು, ಸಂದು ದಾಟಿ, ಬಳಲಿದ ಬೆರಳಿಗೆ ಮುಟ್ಟಿ ನನ್ನ ತನಕ ಬಂತು. ಸುಳ್ಳು ಹೇಳಲು ಆ ಬೆರಳಿಗೆ ಬಲ ಇರಲಿಲ್ಲ.

ಹೊರಗೆ ಬಂದು ಮೈದುನನನ್ನು ಬೇವಿನ ಗಿಡದ ಕೆಳಗೆ ಕರೆದೆ. "ಅವರ ನೀಲಿ ಅಂಗಿ ಎಲ್ಲೈತಿ?"

"ಯಾವ ಅಂಗಿ ವೈನಿ?"

"ಅವರು ನಿನ್ನ ಅಂಗಿ ಹಾಕ್ಕೊಂಡ ಯಾಕ ಬಂದ್ರಲೇ?"

ಒಂದೊಂದಾಗಿ ಹೊರಬಂತು. ಔಷಧ ಅವನು ಗಡಿ ಆಚೆಯಿಂದ ತಂದದ್ದು, ಕಂಪನಿ ಚೀಟಿ ಇಲ್ಲದ ಖುಲ್ಲಾ ಮಾಲು, ಸುತ್ತಲಿನ ತೋಟದವರಿಗೆ ಅವನೇ ಕದ್ದುಮುಚ್ಚಿ ಮಾರುತ್ತಿದ್ದ. ಅಣ್ಣ ಕ್ಯಾನು ಎತ್ತಿ ಹಿಡಿದಾಗ ಇವನು ಮುಚ್ಚಳ ಕಿತ್ತ, ಗಪ್ಪನೆ ಚಿಮ್ಮಿ ಎದೆಗೆ ಬಿತ್ತು. ಅಂಗಿ ತೆಗೆಸಿ, ಎರಡು ಚರಿಗೆ ನೀರು ಹಾಕಿ, ತನ್ನ ಅಂಗಿ ಕೊಟ್ಟ. ಲಿಂಗದ ಬಟ್ಟೆ ಇಬ್ಬರಿಗೂ ನೆನಪಾಗಲಿಲ್ಲ.

"ಚೆಲ್ಲೇತಿ ಅಂದ್ರ ಕ್ಯಾನ್ ತೋರಸಂತಿದ್ರು ವೈನಿ. ನಾ ಒಳಗ ಹೋಗ್ತಿದ್ದೆ. ಕುಡದಾನಂದ್ರ ಪೋಲೀಸರು ಎರಡ ಮಾತ ಕೇಳಿ ಬಿಡ್ತಾರ. ದವಾಖಾನಿ ಔಷಧ ಎರಡಕ್ಕೂ ಒಂದಽ ಅಲ್ಲೇನು?"

"ಮತ್ತ ನಾನು?"

"ನಿನಗ ಯಾರ ಏನ್ ಅಂತಾರ? ಜಗಳ ಎಲ್ಲಾರ ಮನ್ಯಾಗೂ ಇರತಾವ."

ನಾನು ಹೊಡೆಯಲಿಲ್ಲ, ಬೈಯಲೂ ಇಲ್ಲ. ಡಾಕ್ಟರ್ ಬಾಯಿಗೆ ಹೋಗಿ ಇದ್ದದ್ದು ಇದ್ದಂತೆ ಹೇಳಿದೆ. "ರೋಗಿನಽ ಹೇಳಿದ್ರ ಗಟ್ಟಿ ಆಗತೈತಿ," ಎಂದರು. "ನಳಿ ತಗೀತೀವಿ, ಮಾತ ಬರ್ಲಿ."

ಮಾತು ಬರಲಿ ಎಂದು ನಾನು ಕಾದಷ್ಟು ಯಾರೂ ಕಾದಿರಲಿಕ್ಕಿಲ್ಲ. ದಿನಾ ಬೆಳಿಗ್ಗೆ ದಿಂಬಿನಿಂದ ತಲೆ ಎತ್ತಿಸಿ ನೋಡುತ್ತಿದ್ದರು, ಕೊರಳಿಗೆ ಬಲ ಬಂದರೆ ಉಸಿರಿಗೂ ಬಂದಂತೆ ಎಂದು. ಆರನೇ ದಿನ ಎತ್ತಲಿಲ್ಲ. ಏಳನೇ ದಿನ ಎತ್ತಿ ಬಿದ್ದರು. ಒಂಬತ್ತನೇ ದಿನ ನಾನು ಐದು ಎಣಿಸುವ ತನಕ ಹಿಡಿದರು. ನಳಿಗೆ ಹೊರಬಂತು. ಮೊದಲ ಮಾತು "ನೀರ" ಎಂದು. ಅತ್ತೆಯವರು ಗಳಗಳ ಅತ್ತರು. ನಾನೂ ಅತ್ತೆ. ಆ ದಿನಕ್ಕೆ ಅಷ್ಟು ಸಾಕಾಗಿತ್ತು.

ಮರುದಿನ ಹವಾಲ್ದಾರರು ಹೇಳಿಕೆ ಬರೆದುಕೊಳ್ಳಲು ಬಂದರು. ಮೈದುನ ಹಾಸಿಗೆಯ ಕಾಲ ಕಡೆ ನಿಂತಿದ್ದ.

"ಏನಾತ್ರಿ ಯಜಮಾನ್ರ? ಕುಡದ್ರೋ, ಚೆಲ್ಲಿತೋ?"

ಇವರು ತಮ್ಮನನ್ನು ನೋಡಿದರು. ತಾಯಿಯನ್ನು ನೋಡಿದರು. ನನ್ನನ್ನು ನೋಡಲಿಲ್ಲ.

"ನೆನಪಿಲ್ರಿ," ಎಂದರು.

"ನೆನಪ ಮಾಡಕೋರಿ," ಎಂದು ನಾನು ಅಂದೆ. "ಬೆರಳ ಒತ್ತಿ ನನಗ ಹೇಳಿಲ್ಲೇನ್ರಿ?"

"ಎಚ್ಚರಿರಲಿಲ್ಲ. ಏನ್ ಒತ್ತಿದೆನೋ."

ಹವಾಲ್ದಾರರು ನನ್ನ ಕಡೆ ತಿರುಗಿದರು. "ನೀವು ಕಣ್ಣಿಂದ ನೋಡೀರೇನಬೇ ಯವ್ವಾ?"

"ನೋಡಿಲ್ರಿ. ಆದ್ರ ಬಟ್ಟಿ ಐತಿ, ಡಾಕ್ಟರ್ ಅದಾರ, ನಾ ಹೇಳೂದು ಐತಿ. ಬರಕೋರಿ." ಬರೆದುಕೊಂಡರು. ಅತ್ತೆಯವರು ಸೆರಗು ಬಾಯಿಗೆ ಹಚ್ಚಿ, "ಮನಿ ಮುರಿಯಾಕ ನಿಂತಾಳ," ಎಂದರು. ಗಂಜಿಯ ಡಬ್ಬಿ ಕೈಯಲ್ಲಿ ಹಿಡಿದು ನಿಂತಿದ್ದೆ. ಅದನ್ನು ಅವರ ಕೈಗೇ ಕೊಟ್ಟೆ, ಮಗನಿಗೆ ತಿನಿಸಲಿ ಎಂದು.

ಮನೆಗೆ ಬಂದ ಮೇಲೆ ಒಂದೂವರೆ ತಿಂಗಳು ನನ್ನದೇ ಆರೈಕೆ. ಗಂಜಿ, ಬೇಯಿಸಿದ ಬೇಳೆ, ಕೈಕಾಲು ಮಡಚಿ ಬಿಡಿಸುವ ವ್ಯಾಯಾಮ, ತೋಟದ ಕಡೆ ಹೋಗಗೊಡದೆ ಕಾಯುವುದು. ಒಲೆ ಬೇರೆ ಮಾಡಿದೆ. ಮೈದುನ ಬಂದರೆ ನಾನು ಒಳಗೆ ಇರುತ್ತಿದ್ದೆ, ಅಣ್ಣ ತಮ್ಮ ಪಡಸಾಲೆಯಲ್ಲಿ ಬಳ್ಳಿಯ ಮಾತಾಡುತ್ತಿದ್ದರು. ಒಮ್ಮೆ ಕೇಳಿದೆ, "ನಾ ನಿಮಗ ಏನ್ ಕಡಿಮಿ ಮಾಡಿದ್ದೆ?"

"ಅವ ತಮ್ಮ ಅದಾನ. ಜೇಲಿಗೆ ಕಳಸ್ಲೇನು? ನೀ ಅಂತೂ ಮನ್ಯಾಗಽ ಇರಾಕಿ," ಎಂದರು.

ಕೊನೆಯ ತಪಾಸಣೆಗೆ ಹೋದಾಗ ಡಾಕ್ಟರ್ ಬಾಯಿ ಎಲ್ಲ ನೋಡಿದರು. ಕೈ ಮುಂದೆ ಚಾಚಿಸಿ ಬೆರಳು ಅಗಲಿಸಲು ಹೇಳಿದರು. ಬೆರಳು ನೆಟ್ಟಗೆ ನಿಂತವು. ತಮ್ಮ ಎರಡು ಬೆರಳು ಕೊಟ್ಟು ಒತ್ತಲು ಹೇಳಿದರು. "ಸಾಕ್ರಿ ಸಾಕ್ರಿ, ಮುರದೀರಿ!" ಎಂದು ನಕ್ಕರು. ರಕ್ತದಲ್ಲೂ ಕಸಗುಡಿಸುವುದು ಸಾಕಷ್ಟು ಹೊಸದಾಗಿ ಹುಟ್ಟಿದೆ ಎಂದರು.

ನಾನು ಚೀಟಿಯ ಮಾತು ಎತ್ತಿದೆ. ಬಂದ ದಿನದ ಕಾಗದದಲ್ಲಿ ಕುಡಿದವರು ಎಂದೇ ಇತ್ತು, ತಮ್ಮ ಹೇಳಿದಂತೆ ಎಂದು. "ಹಳೇದು ಅಳಸಾಕ ಬರಂಗಿಲ್ಲ," ಎಂದು ಡಾಕ್ಟರ್ ಬಾಯಿ ಕೆಳಗೆ ಹೊಸ ಸಾಲು ಬರೆದರು: ಔಷಧ ಮೈಮೇಲೆ ಚೆಲ್ಲಿ ಚರ್ಮದಿಂದ ಒಳಗೆ ಹೋಗಿದೆ, ಎದೆಯ ಬಟ್ಟೆಯಿಂದ ಗೊತ್ತಾಗಿದೆ. "ಇಬ್ರೂ ಸಹಿ ಮಾಡ್ರಿ," ಎಂದು ಪೆನ್ನು ಇವರ ಮುಂದೆ ಇಟ್ಟರು.

ಇವರು ಪೆನ್ನು ತೆಗೆದುಕೊಂಡರು. ಕಾಗದ ನೋಡಿದರು. ಪೆನ್ನು ಕೆಳಗಿಟ್ಟರು.

"ಬರಿಯಾಕ ಆಗಂಗಿಲ್ರಿ. ಕೈ ಇನ್ನೂ ನಡಗತೈತಿ."

ಡಾಕ್ಟರ್ ಬಾಯಿ ನನ್ನ ಮುಖ ನೋಡಿದರು. ಇವರ ಕೈ ಮೇಜಿನ ಮೇಲೆ ಕಲ್ಲಿನಂತೆ ಸ್ಥಿರವಾಗಿತ್ತು. ನಾನು ಕಾಗದ ನನ್ನ ಕಡೆ ಎಳೆದುಕೊಂಡು, ಆ ಸಾಲಿನ ಕೆಳಗೆ ನನ್ನ ಪೂರ್ತಿ ಹೆಸರು ಬರೆದೆ.